ತುರಿಸುವ ಕಡಿತಕ್ಕೆ ಮನೆಯಲ್ಲೇ ಆರೈಕೆ, ತುರಿಸದ ಕಪ್ಪು ಗಾಯಕ್ಕೆ ಆಸ್ಪತ್ರೆ

(ಮಲೆನಾಡಿನ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿಯ ಬರಹರೂಪ)



ಇವತ್ತು ನಾವು ಮಾತಾಡಲು ಆರಿಸಿಕೊಂಡಿರುವ ವಿಷಯ ಬಹಳ ಚಿಕ್ಕದು. ಎಷ್ಟು ಚಿಕ್ಕದು ಅಂದ್ರೆ ಕಣ್ಣಿಗೇ ಕಾಣೋದಿಲ್ಲ. ಮಳೆ ಕಡಿಮೆಯಾಗುತ್ತಿದ್ದಂತೆ ನಾವು ತೋಟದ ಕಳೆ ತೆಗೆಯೋಕೆ, ಬೇಲಿ ಸವರೋಕೆ, ಸೊಪ್ಪು ತರೋಕೆ, ದನಕ್ಕೆ ಹುಲ್ಲು ಕೊಯ್ಯೋಕೆ ಹೋಗ್ತೀವಿ. ಸಂಜೆ ಮನೆಗೆ ಬರುವಾಗ ಏನೂ ಗೊತ್ತಾಗೋದಿಲ್ಲ. ರಾತ್ರಿ ಮಲಗಿದ ಮೇಲೆ ಶುರುವಾಗುತ್ತೆ ನೋಡಿ, ಕಾಲಿನ ಗಂಟಿನ ಸುತ್ತ, ಮೊಣಕಾಲಿನ ಹಿಂದೆ, ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ತೊಡೆ ಸಂದಿಯಲ್ಲಿ ತುರಿಕೆ. ಬೆಳಿಗ್ಗೆ ನೋಡಿದರೆ ಸಾಲಾಗಿ ಕೆಂಪು ಗುಳ್ಳೆಗಳು. "ಯಾವುದೋ ಹುಳ ಕಚ್ಚಿದೆ" ಅಂತ ಹೇಳಿ ಕೆರೆದುಕೊಂಡು ಮತ್ತೆ ಕೆಲಸಕ್ಕೆ ಹೋಗ್ತೀವಿ.

ಹೀಗೆ ಮೈಗೆ ಹತ್ತುವ ಹುಳಗಳಲ್ಲಿ ಒಂದು ಚಿಗ್ಗರ್. ಅದರ ತುರಿಕೆಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಮೊದಲು ಹೇಳುತ್ತೇವೆ. ಆಮೇಲೆ ಅದೇ ಜಾತಿಯ ಹುಳದಿಂದ ಬರುವ ಒಂದು ಜ್ವರದ ಬಗ್ಗೆ ಹೇಳಬೇಕಾಗಿದೆ. ಆ ಭಾಗವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಅಲ್ಲಿ ಪ್ರಾಣದ ಪ್ರಶ್ನೆ ಇದೆ.

ಚಿಗ್ಗರ್ ಅಂದರೆ ಏನು?

ಹೆಸರು ಕೇಳಿ ಇದು ಚಿಗಟ ಎಂದು ತಿಳಿಯಬೇಡಿ. ಚಿಗಟ ನಾಯಿ, ಬೆಕ್ಕಿನ ಮೈಮೇಲೆ ಹಾರಾಡುವ ಕೀಟ. ಚಿಗ್ಗರ್ ನುಸಿ ಜಾತಿಗೆ ಸೇರಿದ್ದು. ತೆಂಗಿಗೆ ನುಸಿಪೀಡೆ ಬಂದದ್ದು ನಿಮಗೆಲ್ಲ ನೆನಪಿರಬಹುದು. ಆ ನುಸಿಯ ದೂರದ ನೆಂಟ ಇದು, ಆದರೆ ಬೇರೆ ಜಾತಿ. ಉಣ್ಣಿ ಅಥವಾ ಉಣುಗು ಎನ್ನುತ್ತೇವಲ್ಲ, ಅದೂ ಇದೇ ದೊಡ್ಡ ಕುಟುಂಬದ್ದೇ.

ಈ ನುಸಿಯ ಬಾಳಿನಲ್ಲಿ ನಾಲ್ಕು ಹಂತಗಳಿವೆ: ಮೊಟ್ಟೆ, ಮರಿ, ಎಳೆಯ ನುಸಿ, ಬೆಳೆದ ನುಸಿ. ಬೆಳೆದ ನುಸಿ ಮಣ್ಣಿನಲ್ಲಿದ್ದು ಸಣ್ಣಪುಟ್ಟ ಕೀಟಗಳ ಮೊಟ್ಟೆ ತಿಂದು ಬದುಕುತ್ತದೆ, ನಮ್ಮ ತಂಟೆಗೆ ಬರುವುದಿಲ್ಲ. ಕಚ್ಚುವುದು ಮರಿ ಮಾತ್ರ. ಆ ಮರಿಗೇ ಚಿಗ್ಗರ್ ಎನ್ನುತ್ತಾರೆ. ಅದಕ್ಕೆ ಆರು ಕಾಲು, ಬಣ್ಣ ಕೆಂಪು ಅಥವಾ ಕಿತ್ತಳೆ, ಗಾತ್ರ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು. ರಾಗಿ ಕಾಳಿಗಿಂತ ಎಷ್ಟೋ ಸಣ್ಣದು. ಭೂತಗನ್ನಡಿ ಇಲ್ಲದೆ ಕಾಣುವುದು ಕಷ್ಟ.

ಇಲಿ, ಹೆಗ್ಗಣದಂಥ ಪ್ರಾಣಿಗಳು ಓಡಾಡುವ ಕಡೆ, ಹುಲ್ಲು, ಪೊದೆ, ಒದ್ದೆ ದರಗು ಇರುವ ಕಡೆ ಈ ಮರಿಗಳು ಗುಂಪಾಗಿ ಕಾದಿರುತ್ತವೆ. ಬಿಸಿಮೈಯ ಪ್ರಾಣಿ ಹತ್ತಿರ ಬಂದರೆ ಹತ್ತಿಕೊಳ್ಳುತ್ತವೆ. ಇಲಿಯಾದರೂ ಸರಿ, ಮನುಷ್ಯನಾದರೂ ಸರಿ. ಅದಕ್ಕೇ ಒಂದೇ ಜಾಗದಲ್ಲಿ ಕುಳಿತ ಇಬ್ಬರಲ್ಲಿ ಒಬ್ಬರಿಗೆ ಮೈತುಂಬಾ ಗುಳ್ಳೆ ಏಳಬಹುದು, ಇನ್ನೊಬ್ಬರಿಗೆ ಏನೂ ಆಗದಿರಬಹುದು. ಕಾದಿದ್ದ ಗುಂಪಿನ ಮೇಲೇ ಯಾರು ಕುಳಿತರೋ ಅವರಿಗೆ ಕಷ್ಟ.

ಯಾಕೆ ಇಷ್ಟು ತುರಿಸುತ್ತದೆ?

ಹಳ್ಳಿಯಲ್ಲಿ ಇದರ ಬಗ್ಗೆ ಎರಡು ತಪ್ಪು ತಿಳುವಳಿಕೆ ಇದೆ. ಒಂದು, ಹುಳ ರಕ್ತ ಕುಡಿಯುತ್ತೆ ಅನ್ನೋದು. ಎರಡು, ಅದು ಚರ್ಮದೊಳಗೆ ಹೊಕ್ಕು ಕುಳಿತಿರುತ್ತೆ ಅನ್ನೋದು. ಎರಡೂ ಸರಿಯಲ್ಲ. ಚಿಗ್ಗರ್ ಚರ್ಮದ ಮೇಲೇ ಇದ್ದು, ತನ್ನ ಜೊಲ್ಲನ್ನು ಚರ್ಮಕ್ಕೆ ಬಿಡುತ್ತದೆ. ಆ ಜೊಲ್ಲಿನಲ್ಲಿ ಚರ್ಮದ ಜೀವಕೋಶಗಳನ್ನು ಕರಗಿಸುವ ರಸ ಇದೆ. ಕರಗಿದ ಅಂಶವನ್ನು ಸಣ್ಣ ಕೊಳವೆಯಿಂದ ಎಳೆದುಕೊಂಡ ಹಾಗೆ ಹೀರುತ್ತದೆ. ಯಾರೂ ಅಲುಗಿಸದಿದ್ದರೆ ಮೂರು ನಾಲ್ಕು ದಿನ ಹೀರಿ, ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಉದುರಿಹೋಗುತ್ತದೆ.

ನಮ್ಮ ದೇಹ ಈ ಪರಕೀಯ ಜೊಲ್ಲನ್ನು ಸಹಿಸುವುದಿಲ್ಲ. ಅದರ ವಿರುದ್ಧ ದೇಹ ನಡೆಸುವ ಹೋರಾಟವೇ ತುರಿಕೆ, ಕೆಂಪು, ಊತ. ಕಚ್ಚಿದ ಕೆಲವು ಗಂಟೆಗಳ ನಂತರ ತುರಿಕೆ ಶುರುವಾಗಿ, ಒಂದೆರಡು ದಿನ ತಡೆಯಲಾಗದಷ್ಟು ಆಗಿ, ಒಂದೆರಡು ವಾರದಲ್ಲಿ ನಿಧಾನವಾಗಿ ಇಳಿಯುತ್ತದೆ. ತುರಿಕೆ ತಡೆಯಲಾಗದಷ್ಟು ಆಗುವ ಹೊತ್ತಿಗೆ ಹುಳ ಹೆಚ್ಚಾಗಿ ಕೆರೆತಕ್ಕೇ ಉದುರಿಹೋಗಿರುತ್ತದೆ, ಉಳಿದಿರುವುದು ಜೊಲ್ಲಿನ ಪರಿಣಾಮ ಮಾತ್ರ. ಇದು ಅರ್ಥವಾದರೆ ಚಿಕಿತ್ಸೆಯೂ ಸುಲಭವಾಗಿ ಅರ್ಥವಾಗುತ್ತದೆ. ಹುಳವನ್ನು ಕೊಲ್ಲಬೇಕು, ಸುಡಬೇಕು ಎಂದು ಹೊರಡುವ ಅಗತ್ಯವೇ ಇಲ್ಲ. ಚರ್ಮವನ್ನು ಸಮಾಧಾನ ಮಾಡಿದರೆ ಸಾಕು.

ತುರಿಕೆಗೆ ಏನು ಮಾಡಬೇಕು?

1. ಮೊದಲು ಸೋಪು, ನೀರು. ತೋಟದಿಂದ, ಬೆಟ್ಟದಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ಸೋಪಿನ ನೊರೆ ಬರುವಂತೆ ಬಟ್ಟೆಯಿಂದ ಮೈ ಉಜ್ಜಿ. ಚಿಗ್ಗರ್ ಮೈಗೆ ಹತ್ತಿದ ಕೂಡಲೇ ಕಚ್ಚುವುದಿಲ್ಲ, ಮೆತ್ತನೆಯ ಜಾಗ ಹುಡುಕಿಕೊಂಡು ಸ್ವಲ್ಪ ಹೊತ್ತು ಓಡಾಡುತ್ತದೆ. ಅಷ್ಟರಲ್ಲಿ ತೊಳೆದರೆ ಕಚ್ಚುವ ಮೊದಲೇ ಹೋಗುತ್ತದೆ. ಕಚ್ಚಿಕೊಂಡಿದ್ದರೂ ಉಜ್ಜಿದರೆ ಕಳಚುತ್ತದೆ. "ಊಟ ಮಾಡಿ, ಧಾರಾವಾಹಿ ನೋಡಿ, ಆಮೇಲೆ ಸ್ನಾನ" ಅನ್ನೋ ಅಭ್ಯಾಸ ಇದ್ದರೆ ಅದನ್ನು ತಿರುಗಿಸಿ.

2. ತಣ್ಣೀರ ಪಟ್ಟಿ. ಸ್ವಚ್ಛ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ತುರಿಸುವ ಜಾಗದ ಮೇಲೆ ಹತ್ತು ನಿಮಿಷ ಇಡಿ. ದಿನಕ್ಕೆ ಎಷ್ಟು ಸಲ ಬೇಕಾದರೂ ಮಾಡಬಹುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ರಾತ್ರಿ ಮಲಗುವ ಮೊದಲು ಮಾಡಿದರೆ ನಿದ್ದೆಗೆ ಒಳ್ಳೆಯದು.

3. ಕ್ಯಾಲಮೈನ್ ಲೋಷನ್. ಔಷಧಿ ಅಂಗಡಿಯಲ್ಲಿ ಸಿಗುವ ತಿಳಿಗುಲಾಬಿ ಬಣ್ಣದ ದ್ರಾವಣ. ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ, ಹತ್ತಿಯಿಂದ ಹಚ್ಚಿ, ಒಣಗಲು ಬಿಡಿ. ಇದು ದುಬಾರಿಯಲ್ಲ, ಮಕ್ಕಳಿಗೂ ಹಚ್ಚಬಹುದು. ಪ್ರತಿ ಸಂಘದ ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಇರಲಿ.

4. ಬಹಳ ಊತ, ತುರಿಕೆ ಇದ್ದರೆ ಶೇಕಡಾ 1ರ ಹೈಡ್ರೋಕಾರ್ಟಿಸೋನ್ ಮುಲಾಮನ್ನು ತೆಳುವಾಗಿ ದಿನಕ್ಕೆ ಎರಡು ಸಲ, ಕೆಲವು ದಿನ ಮಾತ್ರ ಹಚ್ಚಬಹುದು. ಕೆರೆದು ಗಾಯವಾದ ಕಡೆ, ಮುಖಕ್ಕೆ ಬೇಡ. ಚಿಕ್ಕ ಮಕ್ಕಳಿಗೆ ಹಚ್ಚುವ ಮೊದಲು ಡಾಕ್ಟರನ್ನು ಕೇಳಿ.

5. ತುರಿಕೆಯ ಮಾತ್ರೆ. ದೊಡ್ಡವರು ರಾತ್ರಿ ಒಂದು 10 ಮಿಲಿಗ್ರಾಂ ಸೆಟ್ರಿಜಿನ್ ಮಾತ್ರೆ ತೆಗೆದುಕೊಂಡರೆ ನಿದ್ದೆ ಬರುತ್ತದೆ, ಕೆರೆತ ಕಡಿಮೆಯಾಗುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡದ ತೊಂದರೆ ಇರುವವರು ಕೇಳದೆ ನುಂಗಬೇಡಿ. ಮಕ್ಕಳ ಪ್ರಮಾಣ ಬೇರೆ. ಇನ್ನೊಂದು ಮುಖ್ಯ ಮಾತು: ಈ ಮಾತ್ರೆ ಮಂಪರು ತರಬಹುದು. ಮಾತ್ರೆ ನುಂಗಿ ಅಡಿಕೆ ಮರ ಹತ್ತುವುದು, ಬೈಕು ಓಡಿಸುವುದು ಖಂಡಿತ ಕೂಡದು.

6. ಉಗುರು ಕತ್ತರಿಸಿ. ಇದು ಔಷಧಿಗಿಂತ ದೊಡ್ಡದು. ಮಕ್ಕಳು ನಿದ್ದೆಯಲ್ಲಿ ಕೆರೆದುಕೊಳ್ಳುತ್ತವೆ. ಉಗುರಿನ ಕೊಳೆ ಗುಳ್ಳೆಯೊಳಗೆ ಹೋಗಿ ಕೀವಾಗುತ್ತದೆ. ಕಡಿತ ಎರಡು ವಾರದಲ್ಲಿ ಹೋಗುತ್ತಿತ್ತು, ಕೀವಾದರೆ ಆಸ್ಪತ್ರೆಯ ಓಡಾಟ.

ಬೇವಿನ ಎಲೆ ಹಾಕಿ ಕಾಯಿಸಿದ ನೀರಿನ ಸ್ನಾನ, ಲೋಳೆಸರದ ಲೋಳೆ ಹಚ್ಚುವುದು ಇವೆಲ್ಲ ನಮ್ಮ ಮನೆಗಳಲ್ಲಿ ಇವೆ. ಚರ್ಮಕ್ಕೆ ತಂಪೆನಿಸಿದರೆ ಮಾಡಿ, ತೊಂದರೆಯಿಲ್ಲ. ಆದರೆ ಸೋಪು ಹಾಕಿ ತೊಳೆಯುವುದನ್ನು ಬಿಟ್ಟು ಅದನ್ನೇ ನಂಬಬೇಡಿ.

ಏನು ಮಾಡಬಾರದು?

ಇಂಬಳ ಹತ್ತಿದರೆ ಸುಣ್ಣ, ಹೊಗೆಸೊಪ್ಪು ಮುಟ್ಟಿಸುವ ಅಭ್ಯಾಸ ನಮ್ಮಲ್ಲಿ ಇದೆ. ಅದೇ ಲೆಕ್ಕದಲ್ಲಿ ಈ ಗುಳ್ಳೆಗಳಿಗೂ ಸುಣ್ಣ ಹಚ್ಚುವವರು, ಸೀಮೆಎಣ್ಣೆ ಉಜ್ಜುವವರು, ಬೀಡಿ ತುದಿಯಿಂದ ಚುರುಕು ಮುಟ್ಟಿಸುವವರು ಇದ್ದಾರೆ. ಪೇಟೆಯಲ್ಲಿ ಕೆಲವರು ಉಗುರಿಗೆ ಹಚ್ಚುವ ಬಣ್ಣ ಬಳಿಯುತ್ತಾರೆ, ಹುಳ ಉಸಿರುಗಟ್ಟಿ ಸಾಯಲಿ ಅಂತ. ಹುಳ ಒಳಗೆ ಇಲ್ಲವೇ ಇಲ್ಲ ಎಂದ ಮೇಲೆ ಸಾಯುವುದು ಯಾವುದು? ಸುಡುವುದು ನಮ್ಮ ಚರ್ಮವೇ.

ಸಗಣಿ, ಬೂದಿ, ಮಣ್ಣನ್ನು ಕೆರೆದ ಗಾಯಕ್ಕೆ ಹಾಕಬೇಡಿ. ಧನುರ್ವಾಯುವಿಗೆ ಅದು ದಾರಿ. ಬ್ಲೇಡಿನಿಂದ ಗುಳ್ಳೆ ಕೊಯ್ಯುವುದು, ಸೂಜಿಯಿಂದ ಚುಚ್ಚುವುದು ಬೇಡ.

ಇನ್ನು ಮುಲಾಮಿನ ವಿಷಯ. ಅಂಗಡಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂದ್ರೆ, ಸ್ಟೀರಾಯ್ಡ್, ನಂಜಿನ ಔಷಧಿ, ಹುಳುಕಡ್ಡಿಯ ಔಷಧಿ ಮೂರೂ ಬೆರೆತ ಟ್ಯೂಬ್ ಕೈಗೆ ಬರುವುದುಂಟು. ಎರಡು ದಿನದಲ್ಲಿ ತುರಿಕೆ ನಿಂತಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿ ಇದ್ದವರಿಗೆ ಅದು ಮೈಯೆಲ್ಲ ಹಬ್ಬುತ್ತದೆ. ಡಾಕ್ಟರ ಚೀಟಿ ಇಲ್ಲದೆ ಅಂಥ ಟ್ಯೂಬ್ ಬೇಡ.

ಎಲ್ಲ ತುರಿಕೆಯೂ ಚಿಗ್ಗರ್ ಅಲ್ಲ

ಮನೆಯ ಎಲ್ಲರಿಗೂ ತುರಿಕೆ, ರಾತ್ರಿ ಹೆಚ್ಚು, ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಗುಳ್ಳೆ, ವಾರಗಳಾದರೂ ಹೋಗಿಲ್ಲ ಎಂದರೆ ಅದು ಕಜ್ಜಿ. ಕಜ್ಜಿಯ ನುಸಿ ನಿಜವಾಗಿಯೂ ಚರ್ಮವನ್ನು ಕೊರೆದು ಒಳಗೆ ಮೊಟ್ಟೆ ಇಡುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಅದಕ್ಕೆ ಡಾಕ್ಟರು ಪರ್ಮೆತ್ರಿನ್ ಮುಲಾಮು ಕೊಡುತ್ತಾರೆ, ಮನೆಯವರೆಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು. ಚಿಗ್ಗರ್ ಕಡಿತ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬೆಟ್ಟಕ್ಕೆ ಹೋಗಿ ಬಂದವರಿಗೆ ಮಾತ್ರ ಬರುತ್ತದೆ.

ಗುಳ್ಳೆಯ ಸುತ್ತ ಕೆಂಪು ಹರಡುತ್ತಾ ಹೋದರೆ, ಮುಟ್ಟಿದರೆ ಬಿಸಿಯಾಗಿ ನೋವಿದ್ದರೆ, ಕೀವು ಕಂಡರೆ ಅದು ನಂಜು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಸಕ್ಕರೆ ಕಾಯಿಲೆ ಇರುವವರು ಒಂದು ದಿನವೂ ಕಾಯಬಾರದು.

ತುರಿಸದ ಕಡಿತ, ಅದೇ ದೊಡ್ಡ ಚಿಂತೆ

ಈಗ ಮುಖ್ಯ ವಿಷಯಕ್ಕೆ ಬರೋಣ. ತುರಿಸುವ ಗುಳ್ಳೆ ನಮ್ಮನ್ನು ಕಾಡುತ್ತದೆ, ನಿದ್ದೆ ಕೆಡಿಸುತ್ತದೆ, ಆದರೆ ಕೊಲ್ಲುವುದಿಲ್ಲ. ನಮ್ಮ ಏಷ್ಯಾದಲ್ಲಿ ಚಿಗ್ಗರ್‌ಗಳ ಒಂದು ಜಾತಿ ಇದೆ. ಅದು ಕಚ್ಚಿದರೆ ಸಾಮಾನ್ಯವಾಗಿ ತುರಿಕೆಯೇ ಇರುವುದಿಲ್ಲ, ನೋವೂ ಇಲ್ಲ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಆದರೆ ಅದರ ಜೊಲ್ಲಿನಲ್ಲಿ ಒಂದು ರೋಗಾಣು ಇರಬಹುದು. ಅದರಿಂದ ಬರುವ ಜ್ವರದ ಹೆಸರು ಸ್ಕ್ರಬ್ ಟೈಫಸ್. ಸ್ಕ್ರಬ್ ಅಂದರೆ ಪೊದೆ, ಕುರುಚಲು ಕಾಡು. ಹೆಸರಿನಲ್ಲಿ ಟೈಫಸ್ ಇದೆ ಅಂತ ಟೈಫಾಯಿಡ್ ಎಂದು ತಿಳಿಯಬೇಡಿ, ಎರಡೂ ಬೇರೆ ಬೇರೆ.

ರೋಗಾಣುವಿನ ಹೆಸರಿನಲ್ಲಿ 'ತ್ಸುತ್ಸುಗಮುಷಿ' ಎಂಬ ಜಪಾನಿ ಪದ ಇದೆ. 'ಮುಷಿ' ಅಂದರೆ ಅವರ ಭಾಷೆಯಲ್ಲಿ ಹುಳ. ಹುಳದಿಂದ ಬರುವ ಕಾಯಿಲೆ ಎಂದು ಅಲ್ಲಿನ ರೈತರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಮತ್ತು ನಮ್ಮ ಈಶಾನ್ಯ ಗಡಿಯ ಕಾಡುಗಳಲ್ಲಿ ಸಾವಿರಾರು ಸೈನಿಕರು ಇದರಿಂದ ಮಲಗಿದರು. ಆಗ ಇದಕ್ಕೆ ಔಷಧಿ ಇರಲಿಲ್ಲ. 1948ರಲ್ಲಿ ಮಲಯಾದಲ್ಲಿ ಮೊದಲ ಬಾರಿಗೆ ಒಂದು ಔಷಧಿ ಇದರ ಮೇಲೆ ಚೆನ್ನಾಗಿ ಕೆಲಸ ಮಾಡುವುದು ತಿಳಿಯಿತು.

ಇದು ದೂರದ ಕಾಯಿಲೆ ಅಲ್ಲ. ಕರ್ನಾಟಕದಲ್ಲೂ ಇದೆ. ಮಣಿಪಾಲದ ವೈದ್ಯರು, ವೆಲ್ಲೂರಿನ ವೈದ್ಯರು ಈ ರೋಗಿಗಳನ್ನು ನೋಡಿ ಅಧ್ಯಯನ ಮಾಡಿದ್ದಾರೆ. ಉತ್ತರ ಪ್ರದೇಶದ ಗೋರಖಪುರ ಭಾಗದಲ್ಲಿ ಮಳೆಗಾಲದಲ್ಲಿ ಮಕ್ಕಳಿಗೆ ಬರುತ್ತಿದ್ದ ಮೆದುಳು ಜ್ವರಕ್ಕೆ ಈ ರೋಗವೇ ಒಂದು ದೊಡ್ಡ ಕಾರಣ ಎಂದು 2015ರ ನಂತರದ ಅಧ್ಯಯನಗಳಲ್ಲಿ ತಿಳಿದುಬಂತು. ದಕ್ಷಿಣದಲ್ಲಿ ಮಳೆಗಾಲದ ಕೊನೆಯಿಂದ ಚಳಿಗಾಲದ ತನಕ ಹೆಚ್ಚು. ಅಂದರೆ ನಾವು ಗದ್ದೆ ಕೊಯ್ಲು, ಅಡಿಕೆ ಕೊಯ್ಲಿನಲ್ಲಿ ಇರುವ ದಿನಗಳೇ.

ಗುರುತಿಸುವುದು ಹೇಗೆ?

ಕಚ್ಚಿ 6ರಿಂದ 21 ದಿನಗಳ ಒಳಗೆ ಜ್ವರ ಬರುತ್ತದೆ. ಜೋರು ಜ್ವರ, ಚಳಿ, ತಲೆ ಸಿಡಿಯುವಂಥ ನೋವು, ಮೈಕೈ ನೋವು. ಕತ್ತು, ಕಂಕುಳು, ತೊಡೆ ಸಂದಿಯಲ್ಲಿ ಗಡ್ಡೆ ಕಟ್ಟಬಹುದು. ಕೆಲವರಿಗೆ ಮೈಮೇಲೆ ಕೆಂಪು ಚುಕ್ಕೆ ಏಳುತ್ತವೆ.

ಮುಖ್ಯ ಗುರುತು ಒಂದು ಕಪ್ಪು ಹೊಪ್ಪಳೆ. ಸಿಗರೇಟಿನಿಂದ ಸುಟ್ಟ ಗಾಯದ ಹಾಗೆ ನಡುವೆ ಕಪ್ಪು, ಸುತ್ತ ಕೆಂಪು. ನೋವಿಲ್ಲ, ತುರಿಕೆಯಿಲ್ಲ. ಅದಕ್ಕೇ ರೋಗಿಗೇ ಗೊತ್ತಿರುವುದಿಲ್ಲ. ಒಂದು ಮಾತು ನೆನಪಿಡಿ: ಕಪ್ಪು ಗಾಯ ಎಲ್ಲರಲ್ಲೂ ಕಾಣುವುದಿಲ್ಲ. ಗಾಯ ಇಲ್ಲ ಅಂದ ಮಾತ್ರಕ್ಕೆ ಈ ಕಾಯಿಲೆ ಅಲ್ಲ ಎಂದು ಹೇಳಲಾಗದು. ತುರಿಸುವ ಗುಳ್ಳೆಗಳೇ ಇದ್ದರೂ, ಜ್ವರ ಬಂದರೆ ಆಸ್ಪತ್ರೆಗೇ ಹೋಗಬೇಕು.

ಮೊದಲ ವಾರದಲ್ಲಿ ಸರಿಯಾದ ಔಷಧಿ ಸಿಕ್ಕರೆ ಹೆಚ್ಚಿನವರಿಗೆ ಎರಡು ದಿನದಲ್ಲಿ ಜ್ವರ ಬಿಡುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಯಕೃತ್ತು, ಮೆದುಳಿಗೆ ತೊಂದರೆಯಾಗಿ ಪ್ರಾಣಕ್ಕೇ ಅಪಾಯ. ಔಷಧಿ ಯಾವುದು? ಡಾಕ್ಸಿಸೈಕ್ಲಿನ್. ಹಳೆಯ ಮಾತ್ರೆ, ಕಡಿಮೆ ಬೆಲೆಯದು. ಗರ್ಭಿಣಿಯರಿಗೆ ಅಜಿತ್ರೋಮೈಸಿನ್ ಕೊಡುತ್ತಾರೆ. ಕಾಯಿಲೆ ತೀವ್ರವಾಗಿದ್ದರೆ ಇವೆರಡನ್ನೂ ಒಟ್ಟಿಗೆ ರಕ್ತನಾಳದ ಮೂಲಕ ಕೊಡುವುದು ಒಂದನ್ನೇ ಕೊಡುವುದಕ್ಕಿಂತ ಮೇಲು ಎಂದು ನಮ್ಮ ದೇಶದ ಆಸ್ಪತ್ರೆಗಳಲ್ಲೇ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಕಂಡುಬಂದಿದೆ. ಆದರೆ ಸಾಮಾನ್ಯ ಜ್ವರಕ್ಕೆ ಅಂಗಡಿಗಳಲ್ಲಿ ಕೊಡುವ ಅಮಾಕ್ಸಿಸಿಲಿನ್‌ನಂಥ ಮಾತ್ರೆಗಳು ಈ ರೋಗಾಣುವಿಗೆ ತಾಗುವುದೇ ಇಲ್ಲ.

ಯೋಚನೆ ಮಾಡಿ. ಕಡಿಮೆ ಬೆಲೆಯ ಮಾತ್ರೆ ಇದೆ, ಆದರೂ ಜನ ಸಾಯುತ್ತಾರೆ. ಔಷಧಿ ಇಲ್ಲದೆ ಅಲ್ಲ, ಸರಿಯಾದ ಹೆಸರು ಹೊಳೆಯದೆ. ಮೊದಲ ಎರಡು ದಿನ ಅಂಗಡಿ ಮಾತ್ರೆ, ಆಮೇಲೆ ಎರಡು ದಿನ ಗ್ಲೂಕೋಸು, ಆಮೇಲೆ "ಟೈಫಾಯಿಡ್ ಇರಬಹುದು" ಎಂದು ಇನ್ನೆರಡು ದಿನ. ವಾರ ಕಳೆದುಹೋಯಿತು. ಆ ಮೇಲೆ ದೊಡ್ಡ ಆಸ್ಪತ್ರೆಗೆ ಹೋಗಲು ಸಂಘದಲ್ಲಿ ಸಾಲ, ಓಲೆ, ಸರ ಗಿರವಿ.

ನಾಚಿಕೆ ಬಿಡೋಣ

ಈ ಕಪ್ಪು ಗಾಯ ಎಲ್ಲಿ ಇರುತ್ತದೆ ಗೊತ್ತೇ? ಕಂಕುಳಲ್ಲಿ, ಎದೆಯ ಕೆಳಗೆ, ಸೊಂಟದಲ್ಲಿ, ತೊಡೆ ಸಂದಿಯಲ್ಲಿ, ಗುಪ್ತಾಂಗದ ಹತ್ತಿರ. ಬಟ್ಟೆ ಬಿಗಿಯಾಗಿರುವ, ಬೆವರುವ ಜಾಗಗಳಲ್ಲಿ. ನಾವು ಹೆಂಗಸರು ಡಾಕ್ಟರ ಮುಂದೆ ಕೈ ಚಾಚಿ ನಾಡಿ ತೋರಿಸುತ್ತೇವೆ, ನಾಲಿಗೆ ತೋರಿಸುತ್ತೇವೆ. ಸೆರಗು ಸರಿಸುವುದಿಲ್ಲ. ಗದ್ದಲದ ಓಪಿಡಿಯಲ್ಲಿ ಡಾಕ್ಟರೂ ಕೇಳುವುದಿಲ್ಲ. ಗಾಯ ಅಲ್ಲೇ ಮುಚ್ಚಿಹೋಗುತ್ತದೆ, ಕಾಯಿಲೆಯ ಹೆಸರೂ ಮುಚ್ಚಿಹೋಗುತ್ತದೆ.

ಇದಕ್ಕೆ ದಾರಿ ನಮ್ಮ ಕೈಯಲ್ಲೇ ಇದೆ. ಜ್ವರ ಬಂದವರ ಮೈಯನ್ನು ಮನೆಯಲ್ಲಿ ಅಮ್ಮನೋ ಅಕ್ಕನೋ ಅತ್ತಿಗೆಯೋ ಬೆಳಕಿನಲ್ಲಿ ಒಮ್ಮೆ ಪೂರ್ತಿ ನೋಡಲಿ. ಕಿವಿಯ ಹಿಂದೆ, ನೆತ್ತಿಯ ಕೂದಲಿನ ನಡುವೆಯೂ ನೋಡಲಿ. ಕಪ್ಪು ಬಣ್ಣದ ಮೈಯಲ್ಲಿ ಗಾಯ ಬೇಗ ಕಾಣುವುದಿಲ್ಲ, ಬೆರಳಾಡಿಸಿ ನೋಡಿ. ಗಂಡಸರೂ ಅಷ್ಟೇ, ನಾಚಿಕೆ ಅವರಿಗೂ ಕಡಿಮೆ ಇಲ್ಲ. ಆಸ್ಪತ್ರೆಯಲ್ಲಿ "ನರ್ಸಮ್ಮನ ಹತ್ತಿರ ತೋರಿಸ್ತೀನಿ, ಪರದೆ ಹಾಕಿ" ಎಂದು ಕೇಳುವುದು ನಿಮ್ಮ ಹಕ್ಕು.

ಡಾಕ್ಟರ ಮುಂದೆ "ಜ್ವರ ಬಂದಿದೆ" ಎಂದಷ್ಟೇ ಹೇಳಬೇಡಿ. ಹೀಗೆ ಹೇಳಿ: "ಡಾಕ್ಟ್ರೇ, ಎರಡು ವಾರದ ಹಿಂದೆ ಬೆಟ್ಟಕ್ಕೆ ದರಗು ತರೋಕೆ ಹೋಗಿದ್ದೆ. ನಾಲ್ಕು ದಿನದಿಂದ ಜ್ವರ ಬಿಟ್ಟಿಲ್ಲ. ಸೊಂಟದ ಹತ್ತಿರ ಕಪ್ಪು ಗಾಯ ಇದೆ. ಸ್ಕ್ರಬ್ ಟೈಫಸ್ ಇರಬಹುದಾ ನೋಡಿ." ಈ ನಾಲ್ಕು ಮಾತು ಡಾಕ್ಟರಿಗೆ ದಾರಿ ತೋರಿಸುತ್ತದೆ. ರಕ್ತಪರೀಕ್ಷೆ ಇದೆ. ಆದರೆ ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಚಿಕಿತ್ಸೆ ಶುರುಮಾಡಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿಯೇ ಹೇಳುತ್ತದೆ.

ಉಣುಗು ಬೇರೆ, ಮಂಗನ ಕಾಯಿಲೆ ಬೇರೆ

ಮಲೆನಾಡಿನವರಿಗೆ ಒಂದು ಗೊಂದಲ ಬರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ. ಅದು ವೈರಸ್ ಕಾಯಿಲೆ, ಡಾಕ್ಸಿಸೈಕ್ಲಿನ್ ಅದಕ್ಕೆ ಕೆಲಸ ಮಾಡುವುದಿಲ್ಲ. ಅದಕ್ಕೇ ಮಾತ್ರೆಯನ್ನು ನಾವೇ ಕೊಂಡು ನುಂಗಬಾರದು, ಯಾವ ಜ್ವರ ಎಂದು ಡಾಕ್ಟರು ತೀರ್ಮಾನಿಸಬೇಕು. ಮಂಗ ಸತ್ತು ಬಿದ್ದಿರುವುದು ಕಂಡರೆ ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.

ಉಣುಗು ಕಣ್ಣಿಗೆ ಕಾಣುತ್ತದೆ, ಚರ್ಮವನ್ನು ಕಚ್ಚಿ ಹಿಡಿದಿರುತ್ತದೆ. ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಿರಿ. ಬೆರಳಿನಿಂದ ಹಿಸುಕಬೇಡಿ. ಆ ಜಾಗವನ್ನು, ಕೈಯನ್ನು ಸೋಪಿನಿಂದ ತೊಳೆಯಿರಿ.

ಬಾರದಂತೆ ತಡೆಯುವುದು

ಕೆಲಸ ಬಿಟ್ಟು ಮನೆಯಲ್ಲಿ ಕೂರಿ ಎಂದು ನಾವು ಹೇಳುವುದಿಲ್ಲ. ಹೊಟ್ಟೆಪಾಡು ನಡೆಯಬೇಕು. ಆದರೆ ಇಷ್ಟು ಮಾಡಬಹುದು:

- ಪೂರ್ತಿ ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಹಾಕಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಸೀರೆ ಉಡುವವರು ಒಳಗೆ ಒಂದು ಹಳೆಯ ಪ್ಯಾಂಟು ಹಾಕಿಕೊಂಡರೆ ಕೆಲಸಕ್ಕೂ ಅನುಕೂಲ.
- ಬುತ್ತಿ ಊಟಕ್ಕೆ, ಎಲೆಅಡಿಕೆಗೆ ಹುಲ್ಲಿನ ಮೇಲೆ ಹಾಗೆಯೇ ಕೂರಬೇಡಿ. ಪ್ಲಾಸ್ಟಿಕ್ ಹಾಳೆ ಅಥವಾ ತಾಡಪಾಲು ಹಾಸಿಕೊಳ್ಳಿ.
- ಒಗೆದ ಬಟ್ಟೆಯನ್ನು ಪೊದೆಯ ಮೇಲೆ, ಹುಲ್ಲಿನ ಮೇಲೆ ಒಣಹಾಕಬೇಡಿ. ಹಗ್ಗ ಕಟ್ಟಿ ಬಿಸಿಲಿಗೆ ಹಾಕಿ.
- ಕೆಲಸದ ಬಟ್ಟೆಯನ್ನು ಹಾಸಿಗೆಯ ಮೇಲೆ ಹಾಕಬೇಡಿ. ಬಂದ ದಿನವೇ ಬಿಸಿನೀರಿನಲ್ಲಿ ಸೋಪು ಹಾಕಿ ಒಗೆಯಿರಿ.
- ಸೊಳ್ಳೆಗೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಡೀಟ್ ಎಂಬ ಅಂಶ ಇರುತ್ತದೆ. ಅದು ಚಿಗ್ಗರ್ ಅನ್ನೂ ದೂರ ಇಡುತ್ತದೆ. ಕಾಲು, ಪಾದ, ಕೈಗಳಿಗೆ ಹಚ್ಚಿ. ಕಣ್ಣು, ಬಾಯಿ, ಗಾಯದ ಹತ್ತಿರ ಬೇಡ. ಮಕ್ಕಳಿಗೆ ಹಚ್ಚುವ ಮೊದಲು ಡಬ್ಬಿಯ ಮೇಲಿನ ಸೂಚನೆ ಓದಿ.
- ಮನೆಯ ಸುತ್ತ ಹುಲ್ಲು, ಪೊದೆ ಬೆಳೆಯಲು ಬಿಡಬೇಡಿ. ಸೌದೆ ರಾಶಿ, ಹುಲ್ಲಿನ ಬಣವೆ ಗೋಡೆಗೆ ತಾಗಿ ಇರುವುದು ಬೇಡ, ಇಲಿಗೆ ಅದೇ ಮನೆ.
- ಶೌಚಾಲಯ ಇದ್ದೂ ಪೊದೆಯ ಕಡೆ ಹೋಗುವ ಅಭ್ಯಾಸ ಇದ್ದರೆ ಬಿಡಿ. ಹುಳ ಹತ್ತಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಈ ಜ್ವರಕ್ಕೆ ಲಸಿಕೆ ಇಲ್ಲ. ಇವೇ ನಮ್ಮ ಲಸಿಕೆ.

ಸಾಮಾನ್ಯವಾಗಿ ಕೇಳುವ ಕೆಲವು ಪ್ರಶ್ನೆಗಳು

ಮನೆಯಲ್ಲಿ ಒಬ್ಬರಿಗೆ ಈ ಜ್ವರ ಬಂದರೆ ಬೇರೆಯವರಿಗೂ ಬರುತ್ತದಾ?
ಇಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಇಡಬೇಡಿ, ರೋಗಿಯ ಮನಸ್ಸು ನೋಯಿಸಬೇಡಿ. ಆದರೆ ಅದೇ ಜಾಗಕ್ಕೆ ಕೆಲಸಕ್ಕೆ ಹೋದವರು ಇದ್ದರೆ ಅವರ ಮೇಲೂ ಕಣ್ಣಿರಲಿ.

ಒಂದು ಸಲ ಬಂದವರಿಗೆ ಮತ್ತೆ ಬರುವುದಿಲ್ಲವಲ್ಲ?
ಬರಬಹುದು. ಈ ರೋಗಾಣುವಿನಲ್ಲಿ ಹಲವು ಬಗೆಗಳಿವೆ.

ಎರಡು ದಿನಕ್ಕೆ ಜ್ವರ ಬಿಟ್ಟರೆ ಮಾತ್ರೆ ನಿಲ್ಲಿಸಬಹುದಾ?
ಬೇಡ. ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ. ಡಾಕ್ಸಿಸೈಕ್ಲಿನ್ ಅನ್ನು ಊಟದ ನಂತರ, ಒಂದು ಲೋಟ ತುಂಬಾ ನೀರಿನ ಜೊತೆ ನುಂಗಿ, ಕೂಡಲೇ ಮಲಗಬೇಡಿ. ಇಲ್ಲದಿದ್ದರೆ ಎದೆಯುರಿ, ಅನ್ನನಾಳದಲ್ಲಿ ಹುಣ್ಣು ಆಗಬಹುದು. ಹಾಲಿನ ಜೊತೆ, ಗ್ಯಾಸ್ಟ್ರಿಕ್ ಔಷಧಿಯ ಜೊತೆ ಬೇಡ.

ಯಾವಾಗ ಕೂಡಲೇ ಓಡಬೇಕು?
ಜ್ವರದ ಜೊತೆ ಏದುಸಿರು, ಮಾತು ತೊದಲುವುದು, ಮಂಕು ಕವಿಯುವುದು, ಫಿಟ್ಸ್, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು ಕಂಡರೆ ಒಂದು ಗಂಟೆಯೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಕೊನೆಯ ಮಾತು

ಆತ್ಮೀಯರೇ, ಎರಡು ಮಾತು ಮನೆಗೆ ಕೊಂಡುಹೋಗಿ. ತುರಿಸುವ ಗುಳ್ಳೆಗೆ ಸೋಪು, ತಣ್ಣೀರ ಪಟ್ಟಿ, ಕ್ಯಾಲಮೈನ್, ಕತ್ತರಿಸಿದ ಉಗುರು, ಇಷ್ಟೇ ಸಾಕು. ಬೆಟ್ಟ, ಗದ್ದೆ, ತೋಟಕ್ಕೆ ಹೋದವರಿಗೆ ಮೂರು ವಾರದೊಳಗೆ ಜ್ವರ ಬಂದರೆ ಮೈ ನೋಡಬೇಕು, ಅಂಗಡಿ ಮಾತ್ರೆಯಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಬೇಕು, ಹೋದಲ್ಲಿ ಬಾಯಿಬಿಟ್ಟು ಹೇಳಬೇಕು.

ಮುಂದಿನ ವಾರದ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯ ಮಾತಾಡಿ. ಓದಲು ಬಾರದ ಅಜ್ಜಿಯಂದಿರಿಗೆ ಯಾರಾದರೂ ಓದಿ ಹೇಳಿ. ನಿಮ್ಮ ಬೀದಿಯಲ್ಲಿ ಯಾರಿಗಾದರೂ ನಾಲ್ಕು ದಿನದಿಂದ ಜ್ವರ ಇದೆಯಾ ಎಂದು ಇವತ್ತು ಸಂಜೆಯೇ ವಿಚಾರಿಸಿ. ಇದ್ದರೆ ನಾಳೆಗೆ ಬಿಡಬೇಡಿ.